ಮಾವನ ಕರ್ಚೀಫು ಸಿನಿಮಾ

ನೈವೇದ್ಯಕ್ಕೆಂದು ಮಾಡಿದ ಪಾಯಸವನ್ನು ದೇವರಿಗೆ ತೋರಿಸುವ ಮೊದಲು ಯಾರಾದರೂ ರುಚಿ ನೋಡುತ್ತಾರೆಯೇ? ನಮ್ಮ ಮನೆಯಲ್ಲಿ ನೋಡುವುದಿಲ್ಲ. ಸಕ್ಕರೆ ಮರೆತಿದ್ದರೂ ಸರಿ, ತಳ ಹಿಡಿದಿದ್ದರೂ ಸರಿ, ಮೊದಲು ಅವನಿಗೆ, ಆಮೇಲೆ ನಮಗೆ. ಲಂಡನ್ನಿನ ಈ ಪಿನ್ನರಿಗೆ ಬಂದು ಇಷ್ಟು ವರ್ಷವಾದರೂ ಅತ್ತೆ ಈ ನಿಯಮ ಬಿಟ್ಟವರಲ್ಲ, ಅವರ ಕೈಕೆಳಗೆ ಪಳಗಿದ ನಾನೂ ಬಿಟ್ಟವಳಲ್ಲ. ಅದೇ ನಿಯಮವನ್ನು ನಾವಿಬ್ಬರೂ ಸೇರಿ ಒಂದು ಸಿನಿಮಾಕ್ಕೂ ಹಚ್ಚಿದೆವು. ಆಮೇಲೆ ಏನಾಯಿತು ಕೇಳಿ.

ಸಿನಿಮಾ ಎಂದರೆ ಮೂರು ಗಂಟೆಯ ಸಿನಿಮಾ ಅಲ್ಲ. ನಾಲ್ಕೇ ನಿಮಿಷದ್ದು, ಸೀನುವಾಗ ಮೂಗಿಗೆ ಕರ್ಚೀಫು ಹಿಡಿಯಿರಿ ಎಂದು ಬ್ರಿಟಿಷ್ ಸರ್ಕಾರ ತನ್ನ ಪ್ರಜೆಗಳಿಗೆ ಬುದ್ಧಿ ಹೇಳಲು ತೆಗೆಸಿದ್ದು. ಅದರಲ್ಲಿ ನನ್ನ ಮಾವ ನರಸಿಂಹಮೂರ್ತಿ ಡಾಕ್ಟರ ಪಾತ್ರ ಮಾಡಿದ್ದರು. ಪಾತ್ರವೇನು ಬಂತು, ಅವರು ಡಾಕ್ಟರೇ. ಮೈಸೂರಿನಲ್ಲಿ ಓದಿ, ಐವತ್ತೇಳರಲ್ಲಿ ಮದುವೆಯಾಗಿ, ಮದುವೆಯ ಅರಿಸಿನ ಆರುವ ಮೊದಲೇ ಹಡಗು ಹತ್ತಿ ಬಂದು, ಲಂಡನ್ನಿನ ಆಸ್ಪತ್ರೆಗಳಲ್ಲಿ ಎದೆರೋಗದ ಡಾಕ್ಟರಾಗಿ ತಲೆ ಬೆಳ್ಳಗೆ ಮಾಡಿಕೊಂಡವರು. ಈಗ ತೊಂಬತ್ತು ದಾಟಿದ್ದಾರೆ. ಮಾತು ಕಡಿಮೆ, ಸಿಡುಕು ಜಾಸ್ತಿ. ಈ ಕರ್ಚೀಫು ಸಿನಿಮಾದ ವಿಷಯ ಬಂದಾಗ ಮಾತ್ರ ಮುಖ ಅರಳುತ್ತಿತ್ತು.

ಆ ಕಥೆಯನ್ನು ನಾನು ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಕೇಳಿದೆ. ಯುದ್ಧದ ಕಾಲದಲ್ಲಿ ಅದು ಮಾಡಿ, ಇದು ಮಾಡಬೇಡಿ ಎಂದು ಸರ್ಕಾರ ಹೇಳಿದ್ದನ್ನು ಕೇಳಿ ಕೇಳಿ ಇಲ್ಲಿಯ ಜನಕ್ಕೆ ಸಾಕಾಗಿ ಹೋಗಿತ್ತಂತೆ. ಆಮೇಲೆ ಅವರಿಗೆ ಏನಾದರೂ ಹೇಳಬೇಕಾದರೆ ನಗಿಸಿಯೇ ಹೇಳಬೇಕು. ಹಾಗೆ ನಗಿಸುವ ಸಿನಿಮಾಗಳನ್ನು ತೆಗೆದು ಸರ್ಕಾರಕ್ಕೆ ಕೊಡುವ ಸಣ್ಣಪುಟ್ಟ ಕಂಪನಿಗಳು ಇದ್ದವು. ಟಾಡ್‌ಹಂಟರ್ ಎಂಬ ದಪ್ಪ ಮನುಷ್ಯನದು ಅಂಥದ್ದೊಂದು. ಕಂಪನಿ ಎಂದರೆ ಗಂಡ, ಹೆಂಡತಿ, ಒಂದು ಕ್ಯಾಮೆರಾ. ಪಾಲಿಶ್ ಮಾಡಿದ ನೆಲದ ಮೇಲೆ ಚಾಪೆ ಹಾಕಬೇಡಿ ಎಂದು ಹೇಳಬೇಕಾದರೆ ಆತನೇ ಚಾಪೆ ಹಾಕಿ, ಆತನೇ ಕಾಲಿಟ್ಟು, ಆತನೇ ದಢಾರನೆ ಬೀಳುತ್ತಿದ್ದ. ಬಿದ್ದು ಎದ್ದು ಸೊಂಟ ಹಿಡಿದುಕೊಂಡು, ಸರಿಯಾಗಿ ಬಿದ್ದೆನಾ ಎಂದು ಹೆಂಡತಿಯನ್ನು ಕೇಳುತ್ತಿದ್ದ. ಆಕೆ ಇಲ್ಲ ಎಂದರೆ ಮತ್ತೆ ಬೀಳುತ್ತಿದ್ದ. ತೆಗೆದ ರೀಲುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಯಾವುದು ಇರಬೇಕು ಯಾವುದು ಹೋಗಬೇಕು ಎಂದು ಕತ್ತರಿ ಆಡಿಸುತ್ತಿದ್ದವಳೂ ಆಕೆಯೇ.

ಮಾವ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಈ ದಂಪತಿ ಬಂದು, ತೆಳ್ಳಗೆ ಕಪ್ಪಗೆ ಕನ್ನಡಕ ಹಾಕಿಕೊಂಡಿದ್ದ ಈ ಹುಡುಗ ಡಾಕ್ಟರನ್ನು ಹಿಡಿದರು. ಆ ಸಿನಿಮಾಗಳನ್ನು ಧ್ವನಿ ಇಲ್ಲದೆಯೇ ತೆಗೆಯುತ್ತಿದ್ದರು. ಆಮೇಲೆ ಒಬ್ಬ ದೊಡ್ಡ ಗಂಟಲಿನವನು ಕೂತು ಎಲ್ಲದಕ್ಕೂ ಒಬ್ಬನೇ ವಿವರಣೆ ಕೊಡುತ್ತಿದ್ದ. ಹಾಗಾಗಿ ಕ್ಯಾಮೆರಾ ಮುಂದೆ ಬಾಯಿ ಆಡಿದರೆ ಸಾಕು, ಏನು ಹೇಳಿದರೂ ನಡೆಯುತ್ತದೆ. ನಾನು ಏನು ಹೇಳಿದೆ ಗೊತ್ತಾ ಎಂದು ಮಾವ ಇಲ್ಲಿ ಒಂದು ಕ್ಷಣ ನಿಲ್ಲಿಸುತ್ತಿದ್ದರು. ಮನೆದೇವರ ಸ್ತೋತ್ರ ಹೇಳಿದೆ, ಬ್ರಿಟಿಷ್ ಸರ್ಕಾರದ ಕ್ಯಾಮೆರಾದ ಎದುರು ಲಕ್ಷ್ಮೀನರಸಿಂಹನ ಸ್ತೋತ್ರ ಹೇಳಿದೆ, ಒಬ್ಬನಿಗೂ ಗೊತ್ತಾಗಲಿಲ್ಲ ಎಂದು ಮುಗಿಸಿ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಸಿನಿಮಾ ಥಿಯೇಟರಿಗೆ ಬರುವ ಹೊತ್ತಿಗೆ ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರು ಅದನ್ನು ನೋಡಲೇ ಇಲ್ಲ. ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಇನ್ನು ಅತ್ತೆಯ ಕಥೆ. ಮಾವನ ಕಥೆ ನಗಿಸುವಂಥದ್ದಾದರೆ ಅತ್ತೆಯದು ಹೊಟ್ಟೆ ಉರಿಸುವಂಥದ್ದು. ಅತ್ತೆ ಕಲ್ಯಾಣಿ, ಹದಿನೆಂಟಕ್ಕೆ ಮದುವೆಯಾದವರು. ಇಂಟರ್‌ಮೀಡಿಯೆಟ್ಟಿನಲ್ಲಿ ಫಸ್ಟ್ ಕ್ಲಾಸು, ಕೆಮಿಸ್ಟ್ರಿ ಎಂದರೆ ಪ್ರಾಣ. ಗಂಡ ಹಡಗು ಹತ್ತಿದ ಮೇಲೆ ನಾಲ್ಕು ವರ್ಷ ಮೈಸೂರಿನಲ್ಲಿ ತಮ್ಮ ಅತ್ತೆ ಮಾವನ ಮನೆಯಲ್ಲಿ ಕಾದರು. ಲಂಡನ್ನಿನಲ್ಲಿ ಕಪ್ಪು ಬಣ್ಣದವರಿಗೆ ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. ಕಿಟಕಿಯಲ್ಲೇ ಬೋರ್ಡು ಹಾಕಿರುತ್ತಿದ್ದರು. ಮಾವ ಬೂಟಿನ ತಳ ಸವೆದು ತೂತಾಗುವ ತನಕ ಹಿಮದಲ್ಲಿ ಬೀದಿ ಬೀದಿ ಅಲೆದು, ಬಾಗಿಲು ಬಾಗಿಲು ತಟ್ಟಿ, ಎಲ್ಲ ಕಡೆ ಇಲ್ಲ ಅನ್ನಿಸಿಕೊಂಡು ಬರುತ್ತಿದ್ದರಂತೆ. ಮುಂದಿನ ತಿಂಗಳು ಸಿಗಬಹುದು ಎಂದು ಕಾಗದ ಬರೆಯುತ್ತಿದ್ದರಂತೆ. ಪ್ರತಿ ಜೂನಿನಲ್ಲೂ ಅತ್ತೆಯ ಅಪ್ಪ ಬಂದು ಬಿ.ಎಸ್ಸಿ.ಗೆ ಸೇರಿಸುತ್ತೇನೆ ಎನ್ನುವುದು, ಇವತ್ತೋ ನಾಳೆಯೋ ಹಡಗು ಹತ್ತುವವಳಿಗೆ ಕಾಲೇಜು ಯಾಕೆ ಎಂದು ಇವರ ಅತ್ತೆ ಅನ್ನುವುದು. ನಾಲ್ಕು ಜೂನುಗಳೂ ಹಾಗೇ ಹೋದವು. ನನ್ನ ಡಿಗ್ರಿಯನ್ನ ಆ ಮನೆಯೊಡತಿಯರು ತಿಂದುಹಾಕಿದರು ಎಂದು ಅತ್ತೆ ಈಗಲೂ ಶಾಪ ಹಾಕುತ್ತಾರೆ.

ಆ ಕಥೆಯನ್ನು ಅವರು ಮನೆಯಲ್ಲಷ್ಟೇ ಇಟ್ಟುಕೊಂಡವರಲ್ಲ. ವರ್ಷಕ್ಕೊಮ್ಮೆ ಇಲ್ಲಿಯ ಶಾಲೆಯವರು ಕರೆಯುತ್ತಾರೆ. ಅತ್ತೆ ರೇಷ್ಮೆ ಸೀರೆಯುಟ್ಟು ಹೋಗಿ, ಬಾಯಿಪಾಠದ ಇಂಗ್ಲಿಷಿನಲ್ಲಿ ಮಕ್ಕಳಿಗೆ ತೂತು ಬೂಟಿನ ಕಥೆ ಹೇಳುತ್ತಾರೆ. ಪಕ್ಕದಲ್ಲಿ ಮಾವ ಕೋಟು ಹಾಕಿಕೊಂಡು ಕೂತಿರುತ್ತಾರೆ. ಕಥೆ ಮುಗಿದ ಮೇಲೆ ಮಕ್ಕಳೆಲ್ಲ ಬಂದು ಮಾವನ ಕೈ ಕುಲುಕುತ್ತಾರೆ. ಆಗ ಅತ್ತೆಯ ಮುಖ ನೋಡಬೇಕು. ತಮ್ಮ ಗಂಡ ತಮಗಾಗಿ ಅಷ್ಟು ಅಲೆದರು ಎನ್ನುವುದು ಆ ಹೆಂಗಸಿನ ಒಡವೆ ಕಣ್ರೀ. ಮೈಮೇಲಿನ ಚಿನ್ನಕ್ಕಿಂತ ಹೆಚ್ಚು.

ಒಂದು ವಿಷಯ ಹೇಳಲೇಬೇಕು. ಅತ್ತೆಗೆ ಕಿವಿ ಕೇಳಿಸುವುದಿಲ್ಲ. ಎರಡನೇ ಬಾಣಂತನದ ಹೊತ್ತಿಗೆ ಮಂದವಾಗಿ, ಆಮೇಲೆ ಪೂರ್ತಿ ಹೋಯಿತು. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ, ಅದೂ ಕನ್ನಡ ಮಾತ್ರ. ತಿಳಿದದ್ದು ಸರಿಯೋ ತಪ್ಪೋ ಎಂದು ಖಾತ್ರಿ ಮಾಡಿಕೊಳ್ಳಲು ಎದುರಿನವರು ಹೇಳಿದ್ದನ್ನು ಒಮ್ಮೆ ತಿರುಗಿ ಹೇಳುವುದು ಅವರ ಅಭ್ಯಾಸ. ಮಾವನ ಬಾಯಿಯಂತೂ ಅವರಿಗೆ ಅಂಗೈ ರೇಖೆ. ಇವರು ಕೋಣೆಯ ಆ ಮೂಲೆಯಲ್ಲಿ ಗೊಣಗಿದರೆ ಅವರು ಈ ಮೂಲೆಯಲ್ಲಿ ಉತ್ತರ ಕೊಡುತ್ತಾರೆ.

ಈ ವರ್ಷ ನನ್ನ ಮಗಳು ಪ್ರಾಚಿಯಿಂದ ಎಲ್ಲ ಶುರುವಾಯಿತು. ಅವಳಿಗೆ ಹಳೆಯ ಫಿಲ್ಮುಗಳನ್ನು ಕಾಪಾಡುವ ಒಂದು ಸಂಸ್ಥೆಯಲ್ಲಿ ಕೆಲಸ. ಸರ್ಕಾರದ ಹಳೇ ಡಬ್ಬಿಗಳನ್ನು ಬಿಚ್ಚಿ ಪಟ್ಟಿ ಮಾಡುತ್ತಿದ್ದಾಗ, ಒಂದು ರೀಲಿನ ಚೌಕದಲ್ಲಿ ತಾತನ ಕಿವಿ ಕಂಡಿತು ಅವಳಿಗೆ. ಕಿವಿ ಎಂದರೆ ಅಂಥಿಂಥ ಕಿವಿಯಲ್ಲ, ನಮ್ಮ ಮನೆ ಗಂಡಸರೆಲ್ಲರಿಗೂ ಬಂದಿರುವ ಮೊರದಗಲದ ಕಿವಿ. ಫೋನಿನಲ್ಲಿ ಕಿರುಚಿದಳು. ಸಂಸ್ಥೆಯವರು ಒಪ್ಪಿ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು.

ಅವಳು ಅದನ್ನು ಮನೆಗೆ ತಂದು ಟಿವಿಗೆ ಚುಚ್ಚಲು ಹೋದಾಗ ಅತ್ತೆ ತಡೆದರು. ಮೊದಲು ತಾತ ನೋಡಬೇಕು, ಅದೂ ನಾಲ್ಕು ಜನರ ಎದುರು, ದೊಡ್ಡ ಪರದೆಯಲ್ಲಿ. ಅಲ್ಲಿಯ ತನಕ ಯಾರೂ ನೋಡಕೂಡದು. ಪ್ರಾಚಿ ಇಂಗ್ಲಿಷಿನಲ್ಲಿ ಗೋಗರೆದಳು, ಕೊನೇ ಪಕ್ಷ ಸರಿಯಾಗಿ ಓಡುತ್ತದೋ ಇಲ್ಲವೋ ಎಂದಾದರೂ ನೋಡಬೇಡವೇ ಎಂದಳು. ನೈವೇದ್ಯಕ್ಕೆ ಮೊದಲು ರುಚಿ ನೋಡ್ತಾರೇನೇ ಎಂದು ನಾನೂ ಅತ್ತೆಯ ಕಡೆ ಸೇರಿಕೊಂಡೆ. ಪೆನ್‌ಡ್ರೈವು ದೇವರ ಮನೆ ಸೇರಿತು, ಕುಂಕುಮದ ಬಟ್ಟಲಿನ ಪಕ್ಕ. ಮಾವ ಮಾತ್ರ ಒಂದು ಸಲ, ಯಾಕೆ ಇದೆಲ್ಲ, ಹಳೇದು ಬಿಡಿ ಎಂದರು. ನಾಚಿಕೆ ಎಂದುಕೊಂಡೆವು.

ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಶರಣಪ್ಪ ಧಾರವಾಡದವರು, ಯಾವ ಕೆಲಸವನ್ನೂ ಸಣ್ಣದಾಗಿ ಮಾಡಿ ಗೊತ್ತಿಲ್ಲ. ಹಿರಿಯರ ದಿನದ ಕಾರ್ಯಕ್ರಮದಲ್ಲೇ ಹಾಕೋಣ ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಸಿನಿಮಾದಲ್ಲಿ ಡಾಕ್ಟರು ಸ್ತೋತ್ರ ಹೇಳುವುದು ಯಾರಿಗೂ ಕೇಳಿಸುವುದಿಲ್ಲ, ಆದರೆ ಕಲ್ಯಾಣಮ್ಮನವರಿಗೆ ತುಟಿ ಓದಲು ಬರುತ್ತದೆ. ಅವರು ಮುಂದಿನ ಸಾಲಿನಲ್ಲಿ ಮೈಕ್ ಹಿಡಿದು ಕೂತು, ಪರದೆಯ ಮೇಲೆ ಗಂಡನ ತುಟಿ ಆಡಿದಂತೆ ಒಂದೊಂದೇ ಸಾಲು ಹೇಳಬೇಕು, ಸಭೆ ಎಲ್ಲ ಅವರ ಹಿಂದೆ ಹೇಳಬೇಕು. ಇದು ಶರಣಪ್ಪನವರ ಯೋಜನೆ. ಎಂಥಾ ಯೋಜನೆ ಅನ್ನುತ್ತೀರಿ, ಕೇಳಿದವರಿಗೆಲ್ಲ ಮೈ ಜುಮ್ ಎಂದಿತು. ಅತ್ತೆ ವಾರವಿಡೀ ಸ್ತೋತ್ರ ಗುನುಗಿಕೊಂಡು ಓಡಾಡಿದರು.

ನವೆಂಬರಿನ ಒಂದು ಭಾನುವಾರ, ಪಿನ್ನರಿನ ಸಭೆಯ ಹಾಲು ಜನರಿಂದ ತುಂಬಿತ್ತು. ಈಸ್ಟ್ ಹ್ಯಾಮಿನ ಹೋಟೆಲಿನಿಂದ ಇಡ್ಲಿ ವಡೆ ಬಂದಿತ್ತು. ಮಾವನಿಗೆ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು. ನನ್ನ ಗಂಡ ಭಾರ್ಗವ ಫೋನು ಎತ್ತಿ ಹಿಡಿದು ವಿಡಿಯೋಗೆ ನಿಂತ. ದೀಪ ಆರಿತು. ಶರಣಪ್ಪ ಪ್ರೊಜೆಕ್ಟರಿನ ಪಕ್ಕ ನಿಂತು ಗುಂಡಿ ಒತ್ತಿದರು.

ಕಪ್ಪು ಬಿಳುಪು ಪರದೆ. ಟುಂಯ್ ಟುಂಯ್ ಎನ್ನುವ ಬಾಜಾ. ಹಾಸಿಗೆಯಲ್ಲಿ ಒಬ್ಬ ಬಿಳಿಯ, ಮೂಗು ಕೆಂಪಾಗಿದೆ ಎಂದು ಗೊತ್ತಾಗುವಷ್ಟು ಉಜ್ಜಿಕೊಳ್ಳುತ್ತಿದ್ದಾನೆ. ಬಾಗಿಲು ತೆರೆಯಿತು. ಮಾವ ಬಂದರು. ಅಯ್ಯೋ ದೇವರೇ, ಇಪ್ಪತ್ತೇಳು ವರ್ಷದ ಮಾವ. ನೆಟ್ಟನೆ ಬೆನ್ನು, ಕಪ್ಪು ಕೂದಲು, ಅದೇ ಮೊರದಗಲ ಕಿವಿ. ಹಾಲಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆ ದೊಡ್ಡ ಗಂಟಲಿನವನು, ಇವರು ಡಾಕ್ಟರು, ಇವರಿಗೆ ಎಲ್ಲ ಗೊತ್ತು, ಇವರ ಮಾತು ಕೇಳಿ ಎಂದು ಗಂಭೀರವಾಗಿ ಹೇಳಿದ. ಮಾವ ಮಂಚದ ಪಕ್ಕ ಕೂತರು. ಕ್ಯಾಮೆರಾ ಹತ್ತಿರ ಬಂತು. ಪರದೆ ತುಂಬ ಅವರ ಮುಖ. ತುಟಿ ಆಡತೊಡಗಿತು.

ಅತ್ತೆ ಮೈಕ್ ಬಾಯಿಗೆ ಹಿಡಿದರು. ಸಭೆ ಕೈ ಮುಗಿದುಕೊಂಡು ಕಾಯಿತು.

"ಮುಗೀತಪ್ಪಾ," ಎಂದರು ಅತ್ತೆ. "ಗೊತ್ತಿದ್ದ ಸ್ತೋತ್ರ ಎಲ್ಲ ಮುಗೀತು. ಇನ್ನೂ ಎಷ್ಟು ಸಲ ತೆಗೀತಾನೆ ಇವನು."

ಯಾರೋ ನಕ್ಕರು. ನಾನೂ ನಕ್ಕೆ. ಅತ್ತೆಯೂ ನಗುತ್ತಲೇ ಇದ್ದರು, ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಅಲ್ಲಿ ಮಾವ ರೋಗಿಗೆ ಬೆರಳು ತೋರಿಸಿ ತುಂಬ ಗಂಭೀರವಾಗಿ ಹೇಳುತ್ತಿದ್ದರು. ಇಲ್ಲಿ ಅತ್ತೆ ಅವರ ಹಿಂದೆಯೇ ಓದುತ್ತಿದ್ದರು.

"ಏನು ಹೇಳಲಿ ನಿನಗೆ. ಊರಲ್ಲಿ ನನಗೊಂದು ಹುಡುಗಿ ಕಟ್ಟಿದ್ದಾರೆ. ಕರೆಸಿಕೋ ಕರೆಸಿಕೋ ಅಂತ ವಾರ ವಾರ ಕಾಗದ. ಮನೆ ಸಿಗಲಿಲ್ಲ ಅಂತ ಬರೀತೀನಿ. ಮನೆ ಸಿಕ್ಕಿ ಮೂರು ತಿಂಗಳಾಯ್ತು. ಎರಡು ರೂಮು."

ಅತ್ತೆ ನಿಲ್ಲಿಸಲಿಲ್ಲ. ನಿಲ್ಲಿಸಬೇಕೆಂದು ಅವರಿಗೆ ಹೊಳೆದೇ ಇಲ್ಲ. ತುಟಿ ಆಡಿದರೆ ತಿರುಗಿ ಹೇಳುವುದು ಅವರಿಗೆ ಉಸಿರಿನಷ್ಟು ರೂಢಿ, ಅರ್ಥ ಆಮೇಲೆ ಬರುತ್ತದೆ. ಮೈಕಿನಲ್ಲಿ ಅವರ ಗಟ್ಟಿ ಗಂಟಲು ಹಾಲಿನ ಗೋಡೆಗೆ ಬಡಿಯುತ್ತಿತ್ತು.

"ಅವಳು ಬಂದರೆ ಮುಗೀತು. ಸಂಸಾರ, ಮಡಿ, ಸಾರು. ಎಷ್ಟು ದಿನ ಆಗುತ್ತೋ ಅಷ್ಟು ದಿನ ಮನೆ ಇಲ್ಲ ಅಂತಾನೇ ಬರೆಯೋದು. ಇಲ್ಲಿಯ ಬೋರ್ಡು ದೊಡ್ಡ ಉಪಕಾರ ಮಾಡಿದೆ ನನಗೆ."

ಪರದೆಯಲ್ಲಿ ರೋಗಿ ಕೇಳಿ ಕೇಳಿ ನಿದ್ದೆ ಹೋದ. ಡಾಕ್ಟರ ಬುದ್ಧಿಮಾತು ಬಹಳ ಉದ್ದ, ಉಳಿದದ್ದರಿಂದ ನಿಮ್ಮನ್ನು ಪಾರು ಮಾಡುತ್ತೇವೆ ಎಂದ ದೊಡ್ಡ ಗಂಟಲಿನವನು. ಮಾವ ಆಕ್ಷೀ ಎಂದು ಸೀನಿದರು, ರೋಗಿಯ ಟೋಪಿ ಹಾರಿ ಸೂಪಿನ ಬಟ್ಟಲಿಗೆ ಬಿತ್ತು. ಕರ್ಚೀಫು ಮರೆಯಬೇಡಿ ಎಂದು ಅಕ್ಷರ ಬಂತು. ಹಿಂದಿನ ಸಾಲಿನಲ್ಲಿ ಒಂದು ಮಗು ಗೊಳ್ಳೆಂದು ನಕ್ಕಿತು. ಅದರ ತಾಯಿ ಅದರ ಬಾಯಿ ಮುಚ್ಚಿದಳು.

ದೀಪ ಹಾಕಿದರು. ಅಷ್ಟು ಜನ ಕನ್ನಡದವರು ಒಂದೇ ಕಡೆ ಸೇರಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಭಾರ್ಗವ ಫೋನು ಇಳಿಸುವುದನ್ನೂ ಮರೆತಿದ್ದ. ಮಾವ ಪೇಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನನಗೆ ಬಂದ ಸಿಟ್ಟಿಗೆ ಆ ಪೇಟವನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಶರಣಪ್ಪ ಮೆಲ್ಲಗೆ ಬಂದು ಅತ್ತೆಯ ಎದುರು ಬಗ್ಗಿ, ಮೈಕ್ ಕೊಡ್ರಿ ಅಮ್ಮಾರ ಎಂದರು.

ಅತ್ತೆ ಕೊಡಲಿಲ್ಲ. ಅವರ ಮುಖದಲ್ಲಿ ನಗು ಇನ್ನೂ ಅರ್ಧ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿದಂತೆ ಕಾಣಲಿಲ್ಲ.

"ಇನ್ನೊಂದು ಸಲ ಹಾಕಿ," ಎಂದರು.

ಶರಣಪ್ಪ ನನ್ನ ಮುಖ ನೋಡಿದರು. ಬೇಡ, ಬೇಡ ಎಂದು ಮಾವ ಎದ್ದು ನಿಂತರು. ಅತ್ತೆ ಆ ಕಡೆ ತಿರುಗಲೇ ಇಲ್ಲ. ಹಾಕಿ ಎಂದೆ ನಾನು. ಯಾಕೆ ಹಾಗೆಂದೆನೋ ಗೊತ್ತಿಲ್ಲ, ಆದರೆ ಆ ಹೆಂಗಸು ಕೇಳಿದ್ದನ್ನು ಇಲ್ಲ ಎನ್ನಲು ಆ ಹಾಲಿನಲ್ಲಿ ಯಾರಿಗೂ ಹಕ್ಕಿರಲಿಲ್ಲ. ಎರಡನೇ ಸಲ ಅತ್ತೆ ಒಂದು ಮಾತನ್ನೂ ಹೊರಗೆ ಹೇಳಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಟೋಪಿ ಸೂಪಿಗೆ ಬಿದ್ದಾಗ ಈ ಸಲ ಮಗುವೂ ನಗಲಿಲ್ಲ. ಮುಗಿದ ಮೇಲೆ ಎದ್ದು, ಇಡ್ಲಿ ಆರುತ್ತೆ, ಎಲ್ಲ ತಿನ್ನಿ ಎಂದು ಮೈಕಿನಲ್ಲಿ ಹೇಳಿ, ಶರಣಪ್ಪನವರ ಕೈಗೆ ಕೊಟ್ಟು, ಕೋಟು ಹಾಕಿಕೊಂಡು ಕಾರಿನ ಕಡೆ ನಡೆದರು.

ಕಾರಿನಲ್ಲಿ ಮಾವ ಮುಂದೆ, ನಾವು ಮೂವರು ಹೆಂಗಸರು ಹಿಂದೆ. ಪ್ರಾಚಿ ಸದ್ದಿಲ್ಲದೆ ಅಳುತ್ತಿದ್ದಳು, ಇಂಗ್ಲಿಷಿನಲ್ಲಿ ಸಾರಿ ಅಜ್ಜಿ ಎನ್ನುತ್ತಿದ್ದಳು. ಅತ್ತೆ ಅವಳ ಕೈ ತಟ್ಟಿ, ನೀನೇನು ಮಾಡಿದೆ ಮಗು ಎಂದರು. ಭಾರ್ಗವ ಕನ್ನಡಿಯಲ್ಲಿ ಅಮ್ಮನ ಮುಖವನ್ನು ಕದ್ದು ಕದ್ದು ನೋಡುತ್ತ ಕಾರು ಓಡಿಸಿದ. ನನಗೆ ಮನಸ್ಸಿನಲ್ಲಿ ಒಂದೇ ಸಮ ಕುದಿಯುತ್ತಿತ್ತು. ಶಾಲೆಯ ಮಕ್ಕಳು, ಆ ಕೈಕುಲುಕಾಟ, ಆ ಕೋಟು. ಪ್ರತಿ ವರ್ಷ ಈ ಮನುಷ್ಯ ಅಲ್ಲಿ ಕೂತು ತಲೆಯಾಡಿಸಿದ್ದರಲ್ಲ.

ಮನೆಗೆ ಬರುವಾಗ ನಾಲ್ಕು ಗಂಟೆ, ಹೊರಗೆ ಆಗಲೇ ಮಬ್ಬು. ಅತ್ತೆ ದೀಪ ಹಾಕಿದರು. ಮಾವ ತಮ್ಮ ಕುರ್ಚಿಯಲ್ಲಿ ಕೂತರು. ಅತ್ತೆ ಊಟದ ಮೇಜಿನಿಂದ ಒಂದು ಕುರ್ಚಿ ಎಳೆದು ತಂದು ಅವರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಹಾಕಿಕೊಂಡು ಕೂತರು. ನಾನು, ಭಾರ್ಗವ, ಪ್ರಾಚಿ ಮೂವರೂ ಕೋಣೆ ಬಿಟ್ಟು ಹೋಗಬೇಕಿತ್ತು. ಹೋಗಲಿಲ್ಲ.

ಭಾರ್ಗವ ಒಳ್ಳೆಯ ಮಗ, ಅದೇ ಅವನ ಕಷ್ಟ. ಅಮ್ಮನ ಭುಜ ಮುಟ್ಟಿ, ಅವರು ಈ ಕಡೆ ತಿರುಗಿದ ಮೇಲೆ, ಅದು ಡೈಲಾಗು ಅಮ್ಮ, ಸಿನಿಮಾದವರು ಬರೆದುಕೊಟ್ಟ ಡೈಲಾಗು, ಅಪ್ಪ ಸುಮ್ಮನೆ ಒಪ್ಪಿಸಿದ್ದಾರೆ ಎಂದ. ನನಗೆ ರೇಗಿಹೋಯಿತು. ಐವತ್ತೆಂಟರಲ್ಲಿ ಆ ಟಾಡ್‌ಹಂಟರ್ ಮಹಾರಾಯ ಮೈಸೂರು ಕನ್ನಡದಲ್ಲಿ ಡೈಲಾಗು ಬರೆದುಕೊಟ್ಟನೇ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯ ಕಣ್ಣು ನೋಡಿದೆ. ಅವರು ಮಗನ ಮಾತನ್ನು ನಂಬಿರಲಿಲ್ಲ. ಆದರೆ ಅದನ್ನು ತಿರುಗಿ ಹೇಳಿದರು, "ಬರೆದುಕೊಟ್ಟ ಡೈಲಾಗು" ಎಂದು, ನಿಧಾನವಾಗಿ. ಹೇಳಿ ಗಂಡನ ಕಡೆ ನೋಡಿದರು. ಮಾವ ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಅತ್ತೆ ಅದನ್ನು ಹಿಡಿದುಕೊಂಡು ಉಳಿದ ದಿನ ಕಳೆಯುತ್ತಿದ್ದರೋ ಏನೋ. ನಾನೂ ಬಾಯಿ ಮುಚ್ಚಿಕೊಂಡೆ.

ಮಾವ ಮುಖ ಎತ್ತಿದರು, ಬೆಳಕಿಗೆ ಬರುವ ಹಾಗೆ.

"ಅವನು ಹೇಳಿದ್ದು ಸುಳ್ಳು ಕಲ್ಯಾಣಿ. ಯಾರೂ ಬರೆದುಕೊಡಲಿಲ್ಲ."

ಆ ಟಾಡ್‌ಹಂಟರ್ ತೆಗೆಯುತ್ತಲೇ ಹೋದನಂತೆ. ಮುಖದಲ್ಲಿ ನಟನೆ ಕಾಣುತ್ತಿದೆ, ಇನ್ನೊಂದು ಸಲ, ಇನ್ನೊಂದು ಸಲ ಎಂದು ಮಧ್ಯಾಹ್ನದ ತನಕ. ದಣಿಸಿ ದಣಿಸಿ ನಿಜವಾದ ಮುಖ ಹೊರಗೆ ತರುವುದು ಅವನ ಪದ್ಧತಿ. ಸ್ತೋತ್ರ ಮುಗಿದ ಮೇಲೆ ಇವರು ಬಾಯಿಗೆ ಬಂದದ್ದನ್ನು ಹೇಳಿದರು. ಯಾರಿಗೆ ತಿಳಿಯುತ್ತದೆ ಎನ್ನುವ ಧೈರ್ಯ. ಅವನ ಹೆಂಡತಿ ಊಟದ ಮೇಜಿನ ಮೇಲೆ ಅದನ್ನೇ ಆರಿಸಿ ಇಟ್ಟುಕೊಂಡಳು ಎನ್ನುವುದು ಮಾವನಿಗೆ ಇವತ್ತಿನ ತನಕ ಗೊತ್ತಿರಲಿಲ್ಲ. ಕನ್ನಡದ ಒಂದಕ್ಷರ ತಿಳಿಯದ ಆ ಹೆಂಗಸಿಗೆ ಯಾವ ಮುಖ ನಿಜ ಎಂದು ತಿಳಿದುಬಿಟ್ಟಿತ್ತು.

ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ಹಿಮದಲ್ಲಿ ಅಲೆದದ್ದು ಸುಳ್ಳಾ ಎಂದು ಕೇಳಿದರು. ಮೊದಲನೇ ಚಳಿಗಾಲ ನಿಜ ಎಂದರು ಮಾವ. ಬೋರ್ಡೂ ನಿಜ, ಮುಖದ ಮೇಲೆ ಬಾಗಿಲು ಹಾಕಿದ್ದೂ ನಿಜ, ಬೂಟೂ ನಿಜ. ಆಮೇಲಿನ ಮೂರು ಚಳಿಗಾಲ ಸುಳ್ಳು.

"ಯಾರಾದರೂ ಇದ್ದಳಾ?"

ಈ ಮಾತನ್ನು ಅತ್ತೆ ಕೇಳಿದ ರೀತಿ ನನ್ನನ್ನು ಇರಿಯಿತು. ಯಾರಾದರೂ ಇದ್ದಿದ್ದರೆ ಒಳ್ಳೆಯದಿತ್ತು ಎನ್ನುವ ಹಾಗಿತ್ತು ಅದು. ಒಬ್ಬ ಬಿಳೀ ನರ್ಸು, ಒಂದು ಪ್ರೇಮ, ಏನೋ ಒಂದು. ನಾಲ್ಕು ವರ್ಷಕ್ಕೆ ತಕ್ಕ ಕಾರಣ.

"ಯಾರೂ ಇರಲಿಲ್ಲ," ಎಂದರು ಮಾವ.

"ಮತ್ತೆ ಯಾಕೆ?"

"ಹಾಯಾಗಿದ್ದೆ. ಭಾನುವಾರ ಹೊತ್ತೇರೋವರೆಗೂ ಮಲಗ್ತಿದ್ದೆ. ಬೇಸಿಗೇಲಿ ಕ್ರಿಕೆಟ್ ನೋಡಕ್ಕೆ ಹೋಗ್ತಿದ್ದೆ. ಅಷ್ಟೇ."

ಅಷ್ಟೇ. ಪಾಪ ಮಾಡುವವನು ದೊಡ್ಡ ಪಾಪವನ್ನಾದರೂ ಮಾಡಬಾರದೇ. ಈ ಹೆಂಗಸಿನ ಡಿಗ್ರಿ ಹೋದದ್ದು, ಹತ್ತೊಂಬತ್ತು ಇಪ್ಪತ್ತರ ವಯಸ್ಸು ಅತ್ತೆಮನೆಯ ಹಿತ್ತಿಲಲ್ಲಿ ಪಾತ್ರೆ ತಿಕ್ಕಿ ಕಳೆದದ್ದು, ಒಬ್ಬ ಗಂಡಸಿನ ಭಾನುವಾರದ ನಿದ್ದೆಗೆ. ಭಾರ್ಗವ ಕಿಟಕಿಯ ಕಡೆ ತಿರುಗಿ ನಿಂತ. ಹಾಗಾದರೆ ಕೊನೆಗೆ ಯಾಕೆ ಕರೆಸಿದಿರಿ ಎಂದು ಅತ್ತೆ ಕೇಳಿದ್ದಕ್ಕೆ, ನಿಮ್ಮಪ್ಪ ತಾನೇ ಕರಕೊಂಡು ಬಂದು ಬಿಡ್ತೀನಿ ಅಂತ ಬರೆದರು, ಹೆದರಿದೆ ಎಂದರು ಮಾವ. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು. ನೀನು ಬಂದ ಮೇಲೆ ತಪ್ಪು ಮಾಡಿದೆ ಅನ್ನಿಸಿತು, ಹೇಳಿಬಿಡಬೇಕು ಅನ್ನಿಸಿತು, ಆದರೆ ನೀನು ಬೂಟಿನ ಕಥೆಯನ್ನ ಎಲ್ಲರಿಗೂ ಅಷ್ಟು ಸಂತೋಷವಾಗಿ ಹೇಳ್ತಿದ್ದೆ ಎಂದರು. ಅತ್ತೆಯ ಕೈ ಹಿಡಿಯಲು ಹೋದರು.

ಅತ್ತೆ ಕೈ ಕೊಡಲಿಲ್ಲ, ಕೊಡವಲೂ ಇಲ್ಲ. ಸುಮ್ಮನೆ ತಮ್ಮ ಮಡಿಲಿಗೆ ತೆಗೆದುಕೊಂಡರು.

"ಆ ಹಿಮದಲ್ಲಿ ಅಲೆದವರ ಮೇಲೆ ನನಗೆ ಪ್ರಾಣ ಇತ್ತು," ಎಂದರು. "ನೀವು ಸಿಡುಕಿದಾಗ, ದಿನಗಟ್ಟಲೆ ಮಾತು ಬಿಟ್ಟಾಗ, ನನಗೆ ಕಿವಿ ಹೋದಾಗ ನೀವು ಬೇಸರ ಪಟ್ಟುಕೊಂಡಾಗ, ಅವರನ್ನ ನೆನೆಸಿಕೊಂಡು ಸುಮ್ಮನಾಗ್ತಿದ್ದೆ. ಪಾಪ, ನನಗೋಸ್ಕರ ಅಷ್ಟು ಕಷ್ಟಪಟ್ಟೋರು ಅಂತ. ಅರವತ್ತು ವರ್ಷ ನಾನು ಸಂಸಾರ ಮಾಡಿದ್ದು ಅವರ ಜೊತೆ. ನೀವು ಯಾರೋ ನನಗೆ ಗೊತ್ತಿಲ್ಲ."

ಮಾವ ಬಾಯಿ ತೆರೆದರು. ತುಟಿ ಮಾತ್ರ ಅದುರಿತು, ಅದರಲ್ಲಿ ಓದುವಂಥದ್ದೇನೂ ಇರಲಿಲ್ಲ.

ಅತ್ತೆ ಎದ್ದು ಕುರ್ಚಿಯನ್ನು ಮೇಜಿನ ಹತ್ತಿರ ಅದರ ಜಾಗದಲ್ಲೇ ಇಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು. ಕಾರ್ಯಕ್ರಮದಲ್ಲಿ ನಮ್ಮಲ್ಲಿ ಯಾರೂ ಏನೂ ತಿಂದಿರಲಿಲ್ಲ ಎನ್ನುವುದು ಅವರಿಗೆ ನೆನಪಾದಂತಿತ್ತು.

"ಮಾಳವಿಕಾ, ಅವರಿಗೆ ತಟ್ಟೆ ಹಾಕಮ್ಮ," ಎಂದರು ನನಗೆ. "ಯಾರೇ ಆಗಲಿ, ಮನೆಗೆ ಬಂದವರು ಹಸಿದುಕೊಂಡಿರಬಾರದು."

ನಾನು ಈ ಮನೆಗೆ ಬಂದ ಲಾಗಾಯ್ತು ಮಾವನ ತಟ್ಟೆಗೆ ಮೊದಲ ತುತ್ತಿನ ಅನ್ನವನ್ನು ಅತ್ತೆಯಲ್ಲದೆ ಬೇರೆಯವರು ಬಡಿಸಿದ್ದಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಎದ್ದು ಬಂದು ಬಡಿಸಿ ಹೋಗಿ ಮಲಗುತ್ತಿದ್ದರು. ಅವತ್ತು ನಾನು ಬಡಿಸಿದೆ, ಅನ್ನ, ಮೇಲೆ ಬೆಳಗಿನ ಸಾರು. ಮಾವ ತಟ್ಟೆಯನ್ನು ನೋಡುತ್ತ ಕೈ ತೊಳೆಯದೆ ಕೂತಿದ್ದರು. ಒಳಗೆ ಅತ್ತೆ ಅಡುಗೆಕಟ್ಟೆಯ ಮುಂದೆ ನಿಂತುಕೊಂಡೇ ಮೊಸರನ್ನ ಕಲಸಿಕೊಂಡು, ಅವರಿಗಿಂತ ಮೊದಲು ಊಟ ಮುಗಿಸಿದರು.